ಅಳುವ ಮಗುವಿನ ಕಣ್ಣು ನೋಡಿ
(ಮಂಡ್ಯದಲ್ಲಿ ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಮಕ್ಕಳ ವೈದ್ಯರೊಬ್ಬರು ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಹೊತ್ತು ನನಗೆ ಕೊಟ್ಟಿದ್ದಾರೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಹೆರಿಗೆಯಲ್ಲಿ ಮುಖದ ನರಕ್ಕೆ ಪೆಟ್ಟಾಗಿ ಮಗುವಿನ ಬಾಯಿ ವಾರೆಯಾಗುವುದು, ಅದೇ ಇವತ್ತಿನ ಮಾತು.

ಹೆರಿಗೆಯಾದ 3ನೇ ದಿನಕ್ಕೆ ನೀವು ಬಾಣಂತಿ ಮನೆಗೆ ಹೋಗುತ್ತೀರಿ. ತೂಕ ನೋಡಬೇಕು, ಮೈ ಬಿಸಿ ನೋಡಬೇಕು. ಬಟ್ಟೆ ಬಿಚ್ಚಿದ ಕೂಡಲೇ ಮಗು ಅಳುತ್ತದೆ. ಅತ್ತಾಗ ಬಾಯಿ ಒಂದು ಕಡೆಗೆ ಎಳೆದುಕೊಳ್ಳುತ್ತದೆ. ಅಜ್ಜಿ ಗಾಬರಿಯಾಗುತ್ತಾರೆ. "ಏನವ್ವ, ಮಗಿನ ಬಾಯಿ ಸೊಟ್ಟಗಾಯ್ತದಲ್ಲ, ಲಕ್ವ ಏನಾರ ಹೊಡೆದದಾ?" ಪಕ್ಕದ ಮನೆಯವರು ಗ್ರಹಣದ ಮಾತು ತೆಗೆಯುತ್ತಾರೆ. ಮಗುವಿನ ಅಪ್ಪ, ಇಕ್ಕಳ ಹಾಕಿ ಎಳೆದರಲ್ಲ ಅದಕ್ಕೇ ಎಂದು ಆಸ್ಪತ್ರೆಯವರ ಮೇಲೆ ಸಿಟ್ಟಾಗುತ್ತಾನೆ. ಬಾಣಂತಿ ಏನೂ ಹೇಳದೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ.

ಆ ಹೊತ್ತಲ್ಲಿ ಎಲ್ಲರೂ ಬಾಯನ್ನೇ ನೋಡುತ್ತಿರುತ್ತಾರೆ. ನೀವು ಮೊದಲು ಕಣ್ಣು ನೋಡಿ. ಇವತ್ತು ನಾನು ಹೇಳಬೇಕಾಗಿರುವುದರಲ್ಲಿ ಮುಕ್ಕಾಲು ಪಾಲು ಇಷ್ಟೇ.

ಹೇಗೆ ನೋಡುವುದು? ಮಗುವಿನ ಮುಖಕ್ಕೆ ನೇರವಾಗಿ, ಬೆಳಕಿಗೆ ಬೆನ್ನು ಹಾಕಿ ಕೂತುಕೊಳ್ಳಿ. ತಲೆಗೆ ಸುತ್ತಿದ ಟೋಪಿ ತೆಗೆಸಿ, ಹಣೆ ಕಾಣಬೇಕು. ಮಗುವನ್ನು ಚಿವುಟಿ ಅಳಿಸೋದೇನೂ ಬೇಡ. ಹಸಿವಾದರೆ ತಾನೇ ಅಳುತ್ತದೆ. ಜೋರಾಗಿ ಅಳುವಾಗ ಎರಡೂ ಕಣ್ಣು ಬಿಗಿಯಾಗಿ ಮುಚ್ಚಬೇಕು. ಒಂದು ಕಡೆ ರೆಪ್ಪೆ ಪೂರ್ತಿ ಮುಚ್ಚದೆ ಸಂದು ಉಳಿಯಿತು, ಒಳಗೆ ಗುಡ್ಡೆ ಮೇಲಕ್ಕೆ ಹೋಗಿ ಬಿಳಿ ಭಾಗ ಕಂಡಿತು ಅಂದರೆ, ತೊಂದರೆ ಆ ಕಡೆಯದು. ಅದೇ ಕಡೆ ಹಣೆ ನೋಡಿ, ಗೆರೆ ಬೀಳುವುದಿಲ್ಲ. ಮೂಗಿನ ಪಕ್ಕದಿಂದ ತುಟಿಯ ತುದಿಗೆ ಇಳಿಯುವ ಮಡಿಕೆಯೂ ಅಲ್ಲಿ ಇರುವುದಿಲ್ಲ. ಮಲಗಿದಾಗಲೂ ಆ ಕಣ್ಣು ಅರೆ ತೆರೆದಿರುತ್ತದೆ. ಹಾಲು ಕುಡಿಯುವಾಗ ಆ ಬದಿಯಿಂದ ಒಂದಿಷ್ಟು ಸೋರುತ್ತದೆ, ಆದರೆ ಚೀಪುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಇಲ್ಲೇ ಮನೆಯವರು ಎಡವುವುದು. ಬಾಯಿ ಯಾವ ಕಡೆಗೆ ಎಳೆದುಕೊಳ್ಳುತ್ತದೋ ಆ ಕಡೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅದು ಸರಿಯಾಗಿ ಕೆಲಸ ಮಾಡುತ್ತಿರುವ ಕಡೆ! ಅಲ್ಲಾಡದೆ, ನುಣ್ಣಗೆ, ಚೆಂದವಾಗಿ ಕಾಣುವುದೇ ಪೆಟ್ಟು ಬಿದ್ದ ಕಡೆ. ಒಳ್ಳೆಯ ಕಡೆಗೆ ಎಣ್ಣೆ ಹಾಕಿ ತಿಕ್ಕುವವರನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಈಗ ನಿಮ್ಮ ಕಿವಿಯ ಹಿಂದೆ ಬೆರಳಿಡಿ. ಗಟ್ಟಿ ಮೂಳೆಯ ಉಬ್ಬು ಸಿಗುತ್ತದೆ ಅಲ್ವಾ? ಮೆದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ 7ನೆಯದು ಮುಖದ ನರ. ಆ ಉಬ್ಬಿನ ಮಗ್ಗುಲಲ್ಲೇ ಅದು ತಲೆಬುರುಡೆಯಿಂದ ಹೊರಬಂದು ಹಣೆ, ಕಣ್ಣು, ಕೆನ್ನೆ, ತುಟಿಗೆ ಕವಲಾಗುತ್ತದೆ. ನಮಗೆ ಈ ಮೂಳೆ ಅಡ್ಡ ಇದೆ. ಹುಟ್ಟಿದ ಮಗುವಿಗೆ ಈ ಉಬ್ಬೇ ಇರುವುದಿಲ್ಲ. ಮಗು ಕತ್ತು ನಿಲ್ಲಿಸಿ, ನಡೆದಾಡಿ, ಎರಡು ವರ್ಷದ ಹೊತ್ತಿಗೆ ಅದು ಬೆಳೆಯುತ್ತದೆ. ಅಲ್ಲಿಯವರೆಗೆ ನರ ಚರ್ಮದ ಕೆಳಗೇ ಇರುತ್ತದೆ. ಹೆರಿಗೆಯಲ್ಲಿ ಒತ್ತಡ ಬೀಳಲು ಅಷ್ಟು ಸಾಕು.

ಒತ್ತಡ ಎಲ್ಲಿಂದ? ಇಕ್ಕಳದ ಅಲಗಿನಿಂದ ಆಗಬಹುದು, ಅದು ನಿಜ. ಅಂಥ ಮಕ್ಕಳ ಕಿವಿಯ ಸುತ್ತ ಕೆಂಪು ಗುರುತೋ ಕಂದಿದ ಕಲೆಯೋ ಇರುತ್ತದೆ. ಆದರೆ ಇಕ್ಕಳ ಮುಟ್ಟದ ಹೆರಿಗೆಯಲ್ಲೂ ಇದು ಆಗುತ್ತದೆ. ಚೊಚ್ಚಲು ಹೆರಿಗೆ, ದಪ್ಪ ಮಗು, ನೋವು ತಿಂದು ತಿಂದು ತಡವಾದ ಹೆರಿಗೆ. ಇಂಥ ಕಡೆ ತಾಯಿಯ ಬೆನ್ನುಮೂಳೆಯ ಬುಡದ ಉಬ್ಬಿಗೆ ಮಗುವಿನ ಕೆನ್ನೆ ಗಂಟೆಗಟ್ಟಲೆ ಒತ್ತಿಕೊಂಡಿರುತ್ತದೆ. ಕೊನೆಗೆ ಸಿಸೇರಿಯನ್ ಮಾಡಿದರೂ ಅಷ್ಟರಲ್ಲಿ ಒತ್ತಡ ಬಿದ್ದಾಗಿರುತ್ತದೆ. ಒಂದು ಮಾತು ಸುಮ್ನೆ ಹೇಳಿಬಿಡುತ್ತೇನೆ. ಮಗುವಿನ ಎದೆಬಡಿತ ಇಳಿಯುತ್ತಿರುವಾಗ, ತಲೆ ಕೆಳಗೆ ಬಂದು ನಿಂತಿರುವಾಗ, ಕೈ ಪಳಗಿದವರು ಇಕ್ಕಳ ಹಾಕುವುದು ಜೀವ ಉಳಿಸುವ ಕೆಲಸ. ಗುರುತು ಕಂಡ ಕೂಡಲೇ ತಪ್ಪು ಹೊರಿಸಬೇಡಿ. ಗ್ರಹಣಕ್ಕಂತೂ ಇದರಲ್ಲಿ ಯಾವ ಪಾತ್ರವೂ ಇಲ್ಲ. ಬಾಣಂತಿಯದ್ದೂ ತಪ್ಪಿಲ್ಲ, ಅದನ್ನು ಅವಳ ಅತ್ತೆಗೆ ಕೇಳಿಸುವ ಹಾಗೆ ಹೇಳಿ.

ಇನ್ನು, ಬಾಯಿ ವಾರೆಯಾದದ್ದೆಲ್ಲ ನರದ ಪೆಟ್ಟಲ್ಲ. ಇಲ್ಲೂ ಕಣ್ಣೇ ದಾರಿ ತೋರಿಸುತ್ತದೆ. ಕೆಲವು ಮಕ್ಕಳು ಸುಮ್ಮನಿದ್ದಾಗ ಮುಖ ಸರಿಯಾಗೇ ಇರುತ್ತದೆ. ಅತ್ತಾಗ ಕಣ್ಣು ಎರಡೂ ಮುಚ್ಚುತ್ತವೆ, ಹಣೆಗೆ ಗೆರೆ ಬೀಳುತ್ತದೆ, ಮೂಗಿನ ಪಕ್ಕದ ಮಡಿಕೆಯೂ ಇದೆ. ಕೆಳತುಟಿಯ ಒಂದು ಮೂಲೆ ಮಾತ್ರ ಕೆಳಗೆ ಇಳಿಯುವುದಿಲ್ಲ. ಇದು ತುಟಿಯನ್ನು ಕೆಳಗೆ ಎಳೆಯುವ ಪುಟ್ಟ ಸ್ನಾಯು ಹುಟ್ಟಿನಿಂದಲೇ ಬೆಳೆಯದೆ ಇರುವುದು. ಹೆರಿಗೆಗೂ ಇದಕ್ಕೂ ಸಂಬಂಧವಿಲ್ಲ, ಅಪರೂಪವೂ ಅಲ್ಲ. ನೋಡೋಕೆ ಸಣ್ಣ ವಿಷಯ. ಆದರೆ ಇಂಥ ಕೆಲವು ಮಕ್ಕಳಲ್ಲಿ ಹೃದಯದ ತೊಂದರೆ ಜೊತೆಗಿರುತ್ತದೆ. ಅದಕ್ಕೇ ನಾವು ಎದೆಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ಎನ್ನುವುದು. ಮೈಸೂರಿನ ಜಯದೇವಕ್ಕೆ ಬರೆದುಕೊಟ್ಟರೆ, "ಬಾಯಿಗೆ ತೋರಿಸಿದರೆ ಹಾರ್ಟಿಗೆ ಯಾಕೆ ಕಳಿಸ್ತಾರೆ" ಎಂದು ಮನೆಯವರು ಹೋಗದೆ ಕೂರುತ್ತಾರೆ. ಆಗ ಕಾರಣ ಬಿಡಿಸಿ ಹೇಳಿ ಬಸ್ಸು ಹತ್ತಿಸುವ ಕೆಲಸ ನಿಮ್ಮದು.

ಹಣೆ ಚೆನ್ನಾಗಿ ಸುಕ್ಕಾಗುತ್ತದೆ, ಕಣ್ಣು ಮುಚ್ಚುತ್ತದೆ, ಆದರೆ ಮುಖದ ಕೆಳಭಾಗ ಪೂರ್ತಿ ಬಿದ್ದಿದೆ ಅಂದರೆ ತೊಂದರೆ ಮೆದುಳಿನಲ್ಲಿ ಇರಬಹುದು. ಹಣೆಗೆ ಮೆದುಳಿನ ಎರಡೂ ಕಡೆಯಿಂದ ಆಜ್ಞೆ ಬರುತ್ತದೆ, ಅದಕ್ಕೇ ಅದು ಉಳಿದುಕೊಳ್ಳುತ್ತದೆ. ಮಗು ಮಂಕಾಗಿದೆ, ಫಿಟ್ಸ್ ಬಂತು, ನೆತ್ತಿ ಉಬ್ಬಿದೆ, ಹಾಲು ಚೀಪುತ್ತಿಲ್ಲ ಅಂದರೆ ಆವತ್ತೇ ಆಸ್ಪತ್ರೆಗೆ ಕಳಿಸಿ. ಮುಖದ ಎರಡೂ ಕಡೆ ಅಲ್ಲಾಡದಿದ್ದರೆ, ಕಣ್ಣು ಗುಡ್ಡೆ ಪಕ್ಕಕ್ಕೆ ತಿರುಗದಿದ್ದರೆ, ಕಿವಿಯ ಆಕಾರ ಬೇರೆ ಇದ್ದರೆ ಅದೂ ಹೆರಿಗೆಯ ಪೆಟ್ಟಲ್ಲ, ಹುಟ್ಟಿನಿಂದ ಬಂದದ್ದು. ಹುಟ್ಟಿದಾಗ ಸರಿಯಿದ್ದ ಮುಖ ಮೂರು ವಾರದ ಮೇಲೆ ವಾರೆಯಾದರೆ ಅದಕ್ಕೂ ಬೇರೆ ಕಾರಣ ಹುಡುಕಬೇಕು. ಹಾಗೇ ತೋಳು ನೋಡುವುದನ್ನು ಮರೆಯಬೇಡಿ. ಕಷ್ಟದ ಹೆರಿಗೆಯಲ್ಲಿ ಮುಖದ ನರದ ಜೊತೆ ಕೈಯ ನರಕ್ಕೂ ಪೆಟ್ಟಾಗಿರಬಹುದು.

ನರದ ಪೆಟ್ಟೇ ಅಂತ ಡಾಕ್ಟರು ಹೇಳಿದರು. ಮುಂದೆ? ಇಲ್ಲಿ ಒಳ್ಳೆಯ ಸುದ್ದಿ ಇದೆ. ಒತ್ತಡದಿಂದಾದ ಪೆಟ್ಟಿನಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ತಾವಾಗೇ ಸುಧಾರಿಸುತ್ತಾರೆ. ಚಕ್ಕಂಬಕ್ಕಳ ಹಾಕಿ ಕೂತು ಕಾಲು ಜೋಮು ಹಿಡಿದಾಗ ನರ ತುಂಡಾಗಿರುವುದಿಲ್ಲ ಅಲ್ವಾ? ಹೆಚ್ಚಿನ ಮಕ್ಕಳಲ್ಲಿ ಇದೂ ಅಂಥದ್ದೇ, ಎಚ್ಚರವಾಗಲು ಮಾತ್ರ ಜಾಸ್ತಿ ದಿನ ಬೇಕು. ಕೆಲವರಲ್ಲಿ ವಾರದೊಳಗೆ ರೆಪ್ಪೆ ಆಡತೊಡಗುತ್ತದೆ. ನರದೊಳಗಿನ ಎಳೆಗಳೇ ಹಾಳಾಗಿದ್ದರೆ ಅವು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತವೆ. ಕಿವಿಯ ಬುಡದಿಂದ ತುಟಿಗೆ ಎಷ್ಟು ದೂರ, ನೀವೇ ಲೆಕ್ಕ ಹಾಕಿ. ತಿಂಗಳುಗಳು ಹಿಡಿಯುತ್ತವೆ.

ನರ ಕಾಯಬಹುದು. ಕಣ್ಣು ಕಾಯುವುದಿಲ್ಲ. ಮುಚ್ಚದ ಕಣ್ಣಿನ ಕರಿಗುಡ್ಡೆ ಒಣಗುತ್ತದೆ, ಹುಣ್ಣಾಗುತ್ತದೆ, ಕಲೆ ಉಳಿದರೆ ನೋಟಕ್ಕೇ ಕುತ್ತು. ನರ ಸರಿಹೋಗಿ ಕಣ್ಣು ಕೆಟ್ಟರೆ ಏನು ಬಂತು? ಹಗಲು ಡಾಕ್ಟರು ಬರೆದುಕೊಟ್ಟ, ಕಣ್ಣೀರಿನಂಥ ಹನಿ ಔಷಧಿಯನ್ನು ಅವರು ಹೇಳಿದಷ್ಟು ಸಲ ಹಾಕಬೇಕು. ರಾತ್ರಿ ಮುಲಾಮು. ಬೇಕಾದರೆ ರೆಪ್ಪೆ ಮುಚ್ಚಿ ಮೆತ್ತನೆ ಟೇಪು ಹಚ್ಚುತ್ತಾರೆ, ಅದನ್ನು ನರ್ಸ್ ಹತ್ತಿರ ಕೈಯಾರೆ ಕಲಿಯಬೇಕು. ಟೇಪಿನ ಕೆಳಗೆ ಕಣ್ಣು ತೆರೆದುಕೊಂಡರೆ ಆ ಟೇಪೇ ಗುಡ್ಡೆಗೆ ಉಜ್ಜುತ್ತದೆ, ಹಾಕದಿರುವುದೇ ವಾಸಿ ಅನ್ನುವ ಹಾಗಾಗುತ್ತದೆ.

ಬಾಣಂತನದ ಮನೆಯಲ್ಲಿ ಇನ್ನೊಂದಿಷ್ಟು ಇದೆ. ಆ ಕಣ್ಣಿಗೆ ಕಾಡಿಗೆ ಬೇಡ. ಎದೆಹಾಲು ಹಿಂಡುವುದು ಬೇಡ, ಹರಳೆಣ್ಣೆ ಬೇಡ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುತ್ತೀರಲ್ಲ, ಅದನ್ನೂ ನಿಲ್ಲಿಸಿ. ಫ್ಯಾನಿನ ಗಾಳಿ ಮುಖಕ್ಕೆ ನೇರ ಬೀಳಬಾರದು. ದೃಷ್ಟಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ, ಮೆಣಸಿನಕಾಯಿ ಹೊಗೆ ಮಗುವಿನ ಹತ್ತಿರ ಬರದಿದ್ದರೆ ಸರಿ. ಕಣ್ಣು ಕೆಂಪಾದರೆ, ಪಿಸುರು ಬಂದರೆ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡರೆ ಮಾರನೇ ದಿನ ಅನ್ನಬೇಡಿ.

ಕರೆಂಟ್ ಕೊಡಿಸುವುದು, ಕೆನ್ನೆ ಒತ್ತಿ ತಿಕ್ಕುವುದು, ನಾಟಿ ಔಷಧಿ ಯಾವುದೂ ಬೇಡ. ದೊಡ್ಡವರಿಗೆ ಬಾಯಿ ವಾರೆಯಾದಾಗ ಕೊಡುವ ಸ್ಟೀರಾಯ್ಡ್ ಮಾತ್ರೆ ನೋಡಿ ಮಗುವಿಗೂ ಕೇಳುವವರಿದ್ದಾರೆ. ಹೆರಿಗೆಯ ಪೆಟ್ಟಿಗೆ ಅದರಿಂದ ಲಾಭ ಇದೆ ಅನ್ನುವುದಕ್ಕೆ ಆಧಾರವಿಲ್ಲ.

ಇನ್ನು ನಿಮ್ಮ ಭೇಟಿಗಳು. 3, 7, 14, 21, 28, 42ನೇ ದಿನ ಹೇಗೂ ಹೋಗುತ್ತೀರಿ. ಪ್ರತಿ ಸಲ ಮಗು ಅಳುವಾಗ ತಾಯಿಯ ಫೋನಿನಲ್ಲೇ ಅರ್ಧ ನಿಮಿಷ ವಿಡಿಯೋ ಮಾಡಿಸಿ. ಓಪಿಡಿಗೆ ಬಂದಾಗ ಮಗು ನಿದ್ದೆ ಮಾಡುತ್ತಿರುತ್ತದೆ, ನಮಗೆ ಏನೂ ಕಾಣುವುದಿಲ್ಲ. ಆರು ವಿಡಿಯೋ ಸಾಲಾಗಿ ನೋಡಿದರೆ ರೆಪ್ಪೆಯ ಸಂದು ಕಿರಿದಾಗುತ್ತಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಸ್ಕ್ಯಾನಿಗಿಂತ ಎಷ್ಟೋ ಸಲ ಅದೇ ನನಗೆ ಹೆಚ್ಚು ಹೇಳಿದೆ. ಆದರೆ ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ಮೂರು ತಿಂಗಳಾದರೂ ಮುಖದಲ್ಲಿ ಸ್ವಲ್ಪವೂ ಚಲನೆ ಕಾಣದಿದ್ದರೆ ನಮ್ಮ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಿಂದಲೋ ಮೈಸೂರಿನ ಚೆಲುವಾಂಬ ಆಸ್ಪತ್ರೆಯಿಂದಲೋ ತಜ್ಞರಿಗೆ ಕಳಿಸುತ್ತಾರೆ. ನರ ಮತ್ತು ಸ್ನಾಯುವಿನ ವಿದ್ಯುತ್ ಪರೀಕ್ಷೆ, ಬೇಕಾದರೆ ಸಿಟಿ ಸ್ಕ್ಯಾನ್. ಕಿವಿಯೊಳಗೆ ರಕ್ತ, ಮೂಳೆ ಮುರಿತದ ಅನುಮಾನ ಇದ್ದರೆ ಅಷ್ಟು ದಿನ ಕಾಯುವುದಿಲ್ಲ. ಆಪರೇಷನ್ ಬೇಕಾಗುವುದು ತೀರಾ ಕಡಿಮೆ ಮಕ್ಕಳಿಗೆ. ಕೇಳುವ ನರವೂ ಮುಖದ ನರದ ಜೊತೆಗೇ ಹೋಗುವುದರಿಂದ ಕಿವಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಅದಕ್ಕೆ ನಮಗೆ ದೂರ ಹೋಗಬೇಕಿಲ್ಲ, 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ.

ಮುಂದಿನ ಹೆರಿಗೆಗೆ ಸಿಸೇರಿಯನ್ನೇ ಆಗಬೇಕಾ ಅಂತ ಕೇಳುತ್ತಾರೆ. ಇದೊಂದೇ ಕಾರಣಕ್ಕೆ ಬೇಕಾಗಿಲ್ಲ. ಮಗು ಎಷ್ಟು ದಪ್ಪ ಇತ್ತು, ಹೆರಿಗೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನು ಬರೆದಿಟ್ಟುಕೊಂಡು, ಮುಂದಿನ ಸಲ ಮೊದಲ ತಪಾಸಣೆಯಲ್ಲೇ ಡಾಕ್ಟರಿಗೆ ತೋರಿಸಲಿ. ಇನ್ನು ನಿಮ್ಮ ಪ್ರಶ್ನೆ ಕೇಳಿ. ಹಿಂದಿನ ಸಾಲಿನ ಅಕ್ಕ ಟೇಪಿನ ವಿಷಯ ಹೇಳುವಾಗಲೇ ಕೈ ಎತ್ತಿದ್ದರು, ಅವರಿಂದಲೇ ಶುರುಮಾಡೋಣ.