ಖಾಲಿ ಕಾಣುವ ನೀರು

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆಯಿಂದ ಈ ವೇದಿಕೆಯಲ್ಲಿ ತಿಮಿಂಗಿಲ, ಹವಳ, ಕಡಲಾಮೆಗಳ ಬಗ್ಗೆ ಚೆನ್ನಾದ ಮಾತುಗಳಾದವು. ನಡುವೆ ಒಂದು ಸ್ಲೈಡಿನಲ್ಲಿ ನಡುಗಡಲಿನ ನೀಲಿ ನೀರು ಬಂತು. "ಇಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ" ಎಂದು ಅದನ್ನು ದಾಟಿಬಿಟ್ಟರು. ನನ್ನ ಮಾತೆಲ್ಲ ಆ ಸ್ಲೈಡಿನ ಬಗ್ಗೆಯೇ.

ನಮ್ಮ ಕೈಗೆ ಸಿಗದ್ದನ್ನು ನಾವು ಇಲ್ಲ ಎಂದುಬಿಡುತ್ತೇವೆ. ಪ್ಲವಕಗಳ, ಅಂದರೆ ನೀರಿನ ಹರಿವಿನೊಡನೆ ತೇಲುತ್ತ ಸಾಗುವ ಜೀವಿಗಳ, ಅಧ್ಯಯನ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದದ್ದು ಬಹುಮಟ್ಟಿಗೆ ಬಲೆಯಿಂದ. ಬಲೆಯ ಕಣ್ಣಿಗಿಂತ ಚಿಕ್ಕದೆಲ್ಲ ನುಸುಳಿ ಹೋಯಿತು, ಪಟ್ಟಿಯಿಂದಲೂ ಜಾರಿಹೋಯಿತು.

ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಪ್ರೊಕ್ಲೊರೊಕಾಕಸ್ ಎಂಬ ಕಡಲ ಬ್ಯಾಕ್ಟೀರಿಯಾ ಸಿಕ್ಕಿದ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಆದರೂ ಹೇಳುತ್ತೇನೆ, ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. 1980ರ ದಶಕದ ನಡುವೆ ಕಡಲ ವಿಜ್ಞಾನಿಗಳಾದ ಸ್ಯಾಲಿ ಚಿಶಮ್, ರಾಬರ್ಟ್ ಓಲ್ಸನ್ ಮತ್ತು ಸಂಗಡಿಗರು ಫ್ಲೋ ಸೈಟೋಮೀಟರನ್ನು ಹಡಗಿಗೇರಿಸಿದರು. ರಕ್ತಕಣಗಳನ್ನು ಎಣಿಸಲು ಆಸ್ಪತ್ರೆಗಳಲ್ಲಿ ಬಳಸುವ ಬಗೆಯ ಯಂತ್ರ ಅದು. ನೀರು ಸಣ್ಣ ಎಳೆಯಾಗಿ ಹರಿಯುತ್ತದೆ, ಜೀವಕೋಶಗಳು ಒಂದೊಂದಾಗಿ ಲೇಸರ್ ಕಿರಣವನ್ನು ದಾಟುತ್ತವೆ, ಪತ್ರಹರಿತ್ತು ಇದ್ದರೆ ಕೆಂಪಗೆ ಮಿನುಗುತ್ತದೆ. ಪ್ರತಿ ಮಿನುಗಿಗೂ ಪರದೆಯ ಮೇಲೊಂದು ಚುಕ್ಕೆ. ಆ ಪರದೆಯ ಮೂಲೆಯಲ್ಲಿ, ಯಂತ್ರ ಗುರುತಿಸಬಲ್ಲ ಮಿತಿಯ ಅಂಚಿನಲ್ಲಿ, ತೀರಾ ಮಸುಕಾದ ಚುಕ್ಕೆಗಳ ಗುಂಪೊಂದು ಕಾಣಿಸಿತು. ಯಂತ್ರದ ಗದ್ದಲ, ಅಂದರೆ ಯಂತ್ರವೇ ಹುಟ್ಟಿಸುವ ಸುಳ್ಳು ಚುಕ್ಕೆಗಳು, ಇರಬೇಕು ಎಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಆದರೆ ನೀರನ್ನು ಆಳದಿಂದ ತಂದಷ್ಟೂ ಚುಕ್ಕೆಗಳು ಹೆಚ್ಚು ಪ್ರಖರವಾಗುತ್ತಿದ್ದವು! ಗದ್ದಲಕ್ಕೆ ಆಳ ಹೇಗೆ ಗೊತ್ತಾಗುತ್ತದೆ ಸ್ವಾಮಿ? ಬೆಳಕು ಕಡಿಮೆಯಾದಂತೆ ಒಂದು ಜೀವ ತನ್ನೊಳಗೆ ಹೆಚ್ಚು ಹರಿತ್ತು ತುಂಬಿಕೊಳ್ಳುತ್ತಿತ್ತು, ಅಷ್ಟೇ. 1988ರಲ್ಲಿ ವರದಿ ಪ್ರಕಟವಾಯಿತು.

ಇದರ ಅಗಲ ಸುಮಾರು 0.6 ಮೈಕ್ರಾನ್; ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ನೂರನ್ನು ಸಾಲಾಗಿ ನಿಲ್ಲಿಸಿದರೂ ಒಂದು ತಲೆಗೂದಲ ದಪ್ಪ ದಾಟುವುದಿಲ್ಲ. ಬೆಚ್ಚಗಿನ ಕಡಲುಗಳ ಒಂದೇ ಮಿಲಿಲೀಟರ್ ನೀರಿನಲ್ಲಿ ಲಕ್ಷದವರೆಗೂ ಇರುತ್ತವೆ. ದ್ಯುತಿಸಂಶ್ಲೇಷಣೆ ನಡೆಸುವ ಜೀವಿಗಳಲ್ಲಿ ಭೂಮಿಯ ಮೇಲೆ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಇದೇ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಬಂದಾಗಲೂ ಇಂಥದ್ದೊಂದು ಇದೆ ಎಂದು ಯಾರಿಗೂ ತಿಳಿದಿರಲಿಲ್ಲ.

ವೈವಿಧ್ಯದ ವಿಷಯಕ್ಕೆ ಬರೋಣ. ಇದನ್ನು ಒಂದು ಜೀವಿ ಎಂದೆನಲ್ಲ, ಅದೂ ಪೂರ್ತಿ ಸರಿಯಲ್ಲ. ಒಂದೊಂದೇ ಕೋಶದ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಓದಿದಾಗ, 2014ರಲ್ಲಿ, ಒಂದೇ ಜಾಗದ ನೀರಿನಲ್ಲಿ ನೂರಾರು ಉಪಗುಂಪುಗಳು ಜೊತೆಜೊತೆಯಾಗಿ ಬಾಳುತ್ತಿರುವುದು ಕಂಡಿತು. ಒಂದಕ್ಕೆ ಇರುವ ಜೀನ್ ಇನ್ನೊಂದಕ್ಕಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ಒಂದೇ ಚುಕ್ಕೆ. ಮತ್ತೆ ಅದೇ ಮಾತು: ಉಪಕರಣ ಬದಲಾಯಿತು, ಇಲ್ಲದಿದ್ದದ್ದು ಇದೆ ಎಂದಾಯಿತು.

ಪರಿಸರ ವಿಜ್ಞಾನಿ ಹಚಿನ್ಸನ್ 1961ರಲ್ಲೇ ಕೇಳಿದ್ದರು: ಅದೇ ನೀರು, ಅದೇ ಬಿಸಿಲು, ಅವೇ ನಾಲ್ಕಾರು ಲವಣಗಳು, ಬಲಶಾಲಿ ಒಂದು ಉಳಿದು ಮಿಕ್ಕವು ಅಳಿಯಬೇಕಿತ್ತು, ಇಷ್ಟೊಂದು ಬಗೆಯ ಪ್ಲವಕಗಳು ಹೇಗೆ ಉಳಿದವು? ಗಾಳಿ, ಅಲೆ, ಋತು ಯಾವುದೂ ಯಾರನ್ನೂ ಪೂರ್ತಿ ಗೆಲ್ಲಲು ಬಿಡುವುದಿಲ್ಲ ಎಂಬುದು ಒಂದು ಉತ್ತರ. ಹೆಚ್ಚಾದವರನ್ನೇ ಹುಡುಕಿ ಹೊಡೆಯುವ ವೈರಸ್‌ಗಳದ್ದು ಇನ್ನೊಂದು. ನನಗೆ ಎರಡನೆಯದರಲ್ಲೇ ನಂಬಿಕೆ ಹೆಚ್ಚು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸರಿ, ಬೇಗ ಮುಗಿಸುತ್ತೇನೆ. ಗಾಜಿನಂಥ ಚಿಪ್ಪಿನ ಒಂದೇ ಕೋಶದ ಪಾಚಿಗಳಾದ ಡಯಾಟಮ್‌ಗಳನ್ನು ಬಿಡುತ್ತೇನೆ, ಬೇಸರದಿಂದಲೇ. 2009ರಿಂದ 2013ರವರೆಗೆ ಕಡಲು ಸುತ್ತಿದ ತಾರಾ ಎಂಬ ಸಂಶೋಧನಾ ನೌಕೆಯ ಒಂದು ಸಂಗತಿ ಮಾತ್ರ: ಕೋಶಕೇಂದ್ರವುಳ್ಳ ಪ್ಲವಕಗಳಲ್ಲಿ ಅದುವರೆಗೆ ಹೆಸರು ಪಡೆದಿದ್ದ ಪ್ರಭೇದಗಳು ಸುಮಾರು 11 ಸಾವಿರ. ಬೆಳಕು ಬೀಳುವ ಪದರದ ಡಿಎನ್‌ಎ ಓದಿದಾಗ ಎಣಿಕೆಗೆ ಬಂದ ಬಗೆಗಳು ಸುಮಾರು ಒಂದೂವರೆ ಲಕ್ಷ.

ಕೊನೆಯದು, ಇಲ್ಲಿ ಕಡಲಿನ ಪ್ಲಾಸ್ಟಿಕ್ ತೆಗೆಯುವ ಯೋಜನೆ ರೂಪಿಸುವವರೂ ಕುಳಿತಿದ್ದೀರಿ ಎಂದು ಹೇಳುತ್ತಿದ್ದೇನೆ. ನೀರು ಗಾಳಿಯನ್ನು ಮುಟ್ಟುವ ತುತ್ತತುದಿಯಲ್ಲೇ ಬದುಕುವ ಪುಟ್ಟ ಜೀವಿಗಳಿವೆ. ಹ್ಯಾಲೊಬೇಟಿಸ್ ಎಂಬ ರೆಕ್ಕೆಯಿಲ್ಲದ ಕೀಟ ನೀರಿನ ಮೇಲೆ ಓಡಾಡುತ್ತದೆ. ತೆರೆದ ಸಾಗರದಲ್ಲಿ ಬದುಕುವ ಕೀಟ ಇದೊಂದೇ ಕುಲದ್ದು. ಜ್ಯಾಂಥಿನಾ ಎಂಬ ನೇರಳೆ ಬಸವನಹುಳು ತಾನೇ ಗುಳ್ಳೆಗಳ ತೆಪ್ಪ ಕಟ್ಟಿಕೊಂಡು ತಲೆಕೆಳಗಾಗಿ ತೇಲುತ್ತದೆ. ಉತ್ತರ ಪೆಸಿಫಿಕ್‌ನಲ್ಲಿ ಪ್ಲಾಸ್ಟಿಕ್ ಕೂಡಿಕೊಳ್ಳುವ ಪ್ರದೇಶವಿದೆಯಲ್ಲ, ತೇಲುವ ಜೀವಿಗಳಲ್ಲಿ ಕೆಲವು ಅಲ್ಲೇ ಹೆಚ್ಚು ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕಸವನ್ನು ಕೂಡಿಸುವ ಪ್ರವಾಹವೇ ಅವನ್ನೂ ಅಲ್ಲಿಗೆ ಒಯ್ಯುತ್ತದೆ. ಮೇಲ್ಮೈಯನ್ನು ಬಲೆಯಿಂದ ಬಾಚಿದರೆ ಎರಡೂ ಬರುತ್ತವೆ. ಪ್ಲಾಸ್ಟಿಕ್ ತೆಗೆಯಬೇಡಿ ಎನ್ನುತ್ತಿಲ್ಲ. ಅದು ನದಿಯ ಬಾಯಲ್ಲೇ, ಕಡಲು ಸೇರುವ ಮೊದಲೇ ಆಗಲಿ. ನಡುಗಡಲಿನಲ್ಲಿ ತೆಗೆಯಲೇಬೇಕಾದರೆ ಮೊದಲು ಅಲ್ಲಿ ಏನೇನು ತೇಲುತ್ತಿದೆ ಎಂದು ಎಲ್ಲ ಋತುಗಳಲ್ಲೂ ಎಣಿಸಿ, ಅಂಕಿಅಂಶಗಳನ್ನು ಎಲ್ಲರ ಮುಂದಿಡಿ, ಆಮೇಲೆ ಬಲೆ ಇಳಿಸಿ.

ವೈರಸ್‌ಗಳ ಬಗ್ಗೆ ಕೇಳುವವರಿದ್ದರೆ ಊಟದ ಬಿಡುವಿನಲ್ಲಿ ಸಿಗಿ, ಅದಕ್ಕೆ ಎರಡು ನಿಮಿಷ ಸಾಲದು. ನಮಸ್ಕಾರ.