ಮಕ್ಕಳ ಮಾಹಿತಿ, ಶಾಲೆಯ ಹೊಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್ ತಿಂಗಳಲ್ಲಿ ಮಕ್ಕಳ ಹೆಸರು ಹಚ್ಚಲು ಬರುವ ಪಾಲಕರ ಕೈಯಲ್ಲಿ ಕಾಗದಪತ್ರಗಳ ಒಂದು ಕಟ್ಟು ಇರುತ್ತದೆ. ಜನನ ಪ್ರಮಾಣಪತ್ರ, ಆಧಾರ್ ಕಾರ್ಡಿನ ನಕಲು, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎರಡು ಫೋಟೊ. ಗದಗ ಜಿಲ್ಲೆಯ ಹಳ್ಳಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದ ವರ್ಷಗಳಲ್ಲಿ ಇಂತಹ ನೂರಾರು ಕಟ್ಟುಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಒಂದು ಕುಟುಂಬದ ವಿಷಯದಲ್ಲಿ ತಿಳಿಯಬಹುದಾದದ್ದೆಲ್ಲವೂ ಆ ಕಟ್ಟಿನಲ್ಲಿ ಇರುತ್ತದೆ. ತಾಯಿ ಅದನ್ನು ಮೇಜಿನ ಮೇಲೆ ಇಡುವಾಗ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ, ಏಕೆಂದರೆ ಕೇಳುತ್ತಿರುವುದು ಶಾಲೆ. ಆ ನಂಬಿಕೆಗೆ ತಕ್ಕಂತೆ ಶಾಲೆ ನಡೆದುಕೊಳ್ಳಲು ಈಗ ಕಾನೂನು ಏನನ್ನು ಬಯಸುತ್ತದೆ, ನಮ್ಮ ಭಾಗದ ಶಾಲೆಗಳು ಅದನ್ನು ಹೇಗೆ ಪಾಲಿಸಬಹುದು ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ನನ್ನಿಂದಲೇ ಆದ ಒಂದು ತಪ್ಪನ್ನು ಹೇಳಬೇಕು. ಒಂದು ವರ್ಷ ಕೆಲವು ಮಕ್ಕಳ ವಿದ್ಯಾರ್ಥಿವೇತನ ಖಾತೆಗೆ ಜಮೆಯಾಗದೆ ಉಳಿದಿತ್ತು. ಪಾಲಕರನ್ನು ಒಬ್ಬೊಬ್ಬರಾಗಿ ಕರೆದು ಹೇಳುವಷ್ಟು ಸಮಯ ಇಲ್ಲವೆಂದು, ಮಕ್ಕಳ ಹೆಸರು, ತರಗತಿ, ಖಾತೆಯ ಸಂಖ್ಯೆ, ಫೋನ್ ಸಂಖ್ಯೆ ಎಲ್ಲವೂ ಇದ್ದ ಪಟ್ಟಿಯ ಫೋಟೊ ತೆಗೆದು ಪಾಲಕರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಕೆಲವು ದಿನಗಳ ಬಳಿಕ ಕೂಲಿ ಮಾಡುವ ಒಬ್ಬ ತಂದೆ ಶಾಲೆಗೆ ಬಂದರು. ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ಯಾರೋ ಫೋನ್ ಮಾಡಿದ್ದರು. ಇವರು ಒಟಿಪಿ ಹೇಳಿದ್ದರು. ಖಾತೆಯಲ್ಲಿದ್ದ ಕೂಲಿಯ ಹಣ ಹೋಗಿತ್ತು. "ಸರ, ಮಗಳ ಹೆಸರು, ಇಯತ್ತೆ ಎಲ್ಲಾ ಬರೋಬ್ಬರಿ ಹೇಳಿದ್ರು. ಸಾಲಿಯಿಂದನ ಫೋನ್ ಬಂದೈತಿ ಅಂತ ತಿಳಕೊಂಡೆ" ಎಂದರು. ನಾನು ಕಳಿಸಿದ ಪಟ್ಟಿಯೇ ವಂಚಕರ ಕೈ ಸೇರಿತ್ತು ಎಂದು ಸಾಬೀತುಪಡಿಸಲು ಯಾರಿಗೂ ಆಗಲಿಲ್ಲ. ಆದರೆ ಸೇರಿರಲಿಕ್ಕಿಲ್ಲ ಎಂದು ಅವರ ಮುಖ ನೋಡಿ ಹೇಳುವ ಧೈರ್ಯವೂ ನನಗಿರಲಿಲ್ಲ.

ಆ ದಿನಗಳಲ್ಲಿ ಇದನ್ನು ಅಚಾತುರ್ಯ ಎಂದು ಕರೆದು ಮುಂದೆ ಸಾಗಬಹುದಾಗಿತ್ತು. ಇನ್ನು ಮುಂದೆ ಹಾಗಾಗದು. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯವಾದ ಕರ್ತವ್ಯಗಳಿಗೆ ಸಿದ್ಧರಾಗಲು ಅವು ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟವು. ಈ ಕಾಯ್ದೆಯ ಕಣ್ಣಿನಲ್ಲಿ ಹದಿನೆಂಟು ವರ್ಷ ತುಂಬದವರೆಲ್ಲರೂ ಮಕ್ಕಳೇ. ಅಮೆರಿಕದಲ್ಲಿ ಇಂತಹದೇ ರಕ್ಷಣೆ ಕೊಡುವ 1998ರ ಕಾನೂನು ಹದಿಮೂರು ವರ್ಷದೊಳಗಿನವರಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿಯವರಷ್ಟೇ ಅಲ್ಲ, ಪಿಯುಸಿ ಓದುವ ಬಹುತೇಕ ವಿದ್ಯಾರ್ಥಿಗಳೂ ಇದರ ಆಸರೆಯಲ್ಲಿದ್ದಾರೆ.

ನಮ್ಮ ಶಾಲೆಯಲ್ಲಿ ಎಲ್ಲವೂ ಕಾಗದದ ಮೇಲಿದೆ, ಕಂಪ್ಯೂಟರ್ ಕಾನೂನು ನಮಗೇಕೆ ಎಂದು ಕೆಲವು ಶಿಕ್ಷಕರು ನನ್ನನ್ನು ಕೇಳಿದ್ದಾರೆ. ಕಾಗದದಲ್ಲಿ ಪಡೆದು ನಂತರ ಡಿಜಿಟಲ್ ರೂಪಕ್ಕೆ ತಂದ ಮಾಹಿತಿಯೂ ಈ ಕಾಯ್ದೆಯೊಳಗೇ ಬರುತ್ತದೆ. ದಾಖಲಾತಿ ಅರ್ಜಿಯ ವಿವರವನ್ನು ವಿದ್ಯಾರ್ಥಿಗಳ ದಾಖಲೆ ಇಡುವ ಸರಕಾರದ ಎಸ್‌ಎಟಿಎಸ್ ತಂತ್ರಾಂಶಕ್ಕೆ ಏರಿಸಿದಾಗ, ಅಥವಾ ಅದರ ಫೋಟೊವನ್ನು ಮೊಬೈಲಿನಲ್ಲಿ ತೆಗೆದಾಗ, ಅದು ಡಿಜಿಟಲ್ ಮಾಹಿತಿಯೇ ಆಯಿತು. ಗೊತ್ತಿಲ್ಲದೆ ಹೊರಬಿದ್ದ ಮಾಹಿತಿಯನ್ನೂ ಕಾಯ್ದೆ ಸೋರಿಕೆ ಎಂದೇ ಎಣಿಸುತ್ತದೆ. ನಾನು ಕಳಿಸಿದ ಆ ಒಂದು ಫೋಟೊ ಈ ಕಾಯ್ದೆಯ ಲೆಕ್ಕದಲ್ಲಿ ಸೋರಿಕೆಯೇ. ಹಾಗಾದಾಗ ಬಾಧಿತರಾದ ಪಾಲಕರಿಗೂ ಈ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಬೇಕು. ಮಂಡಳಿಗೆ ಎಪ್ಪತ್ತೆರಡು ಗಂಟೆಗಳೊಳಗೆ ಪೂರ್ಣ ವಿವರ ಕೊಡಬೇಕು. ಮಾಹಿತಿಯನ್ನು ಕಾಪಾಡಲು ತಕ್ಕ ಏರ್ಪಾಡು ಮಾಡದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೆ, ಮಕ್ಕಳ ವಿಷಯದ ವಿಶೇಷ ಕರ್ತವ್ಯಗಳನ್ನು ಮೀರಿದರೆ 200 ಕೋಟಿಯವರೆಗೆ ಹೋಗಬಹುದು. ಇವು ಗರಿಷ್ಠ ಮಿತಿಗಳು. ತಪ್ಪಿನ ತೂಕ ನೋಡಿಯೇ ದಂಡ ನಿರ್ಧಾರವಾಗುತ್ತದೆ. ದಂಡದ ಭಯಕ್ಕಿಂತ ಆ ಕೂಲಿಕಾರ ತಂದೆಯ ಮುಖವೇ ನನ್ನನ್ನು ಹೆಚ್ಚು ತಿದ್ದಿತು ಎಂಬುದನ್ನು ಮಾತ್ರ ಹೇಳಬಲ್ಲೆ.

ಹಾಗಾದರೆ ಶಾಲೆ ಎಲ್ಲಿಂದ ತೊಡಗಬೇಕು? ದಾಖಲಾತಿ ಅರ್ಜಿಯಿಂದಲೇ. ಅದರ ಪ್ರತಿಯೊಂದು ಕಲಮಿನ ಮುಂದೆಯೂ ಇದು ಏಕೆ ಬೇಕು ಎಂದು ಬರೆದು ನೋಡಿದರೆ, ಹಳೆಯ ರೂಢಿಯಿಂದ ಮಾತ್ರ ಉಳಿದುಕೊಂಡು ಬಂದ ಕಲಮುಗಳು ತಾವಾಗಿಯೇ ಕಾಣುತ್ತವೆ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿಯೇ ಹೇಳಿದೆ. ಆಧಾರ್ ಇಲ್ಲವೆಂಬ ಕಾರಣಕ್ಕೆ ಮಗುವನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವಂತಿಲ್ಲ. ಬೇಕಾದಷ್ಟನ್ನೇ ಕೇಳುವುದು, ಕೇಳಿದ್ದನ್ನು ಹೇಳಿದ ಕೆಲಸಕ್ಕೆ ಮಾತ್ರ ಬಳಸುವುದು, ಕೆಲಸ ಮುಗಿದ ಮೇಲೆ ಬೇರೆ ಕಾನೂನು ಇಟ್ಟುಕೊಳ್ಳಲು ಹೇಳಿಲ್ಲವಾದರೆ ಅಳಿಸುವುದು, ಇದು ದತ್ತಾಂಶ ಸಂರಕ್ಷಣಾ ಕಾಯ್ದೆಯ ಜೀವಾಳ.

ಕಷ್ಟವಿರುವುದು ಒಪ್ಪಿಗೆಯಲ್ಲಿ. ಮಗುವಿನ ಮಾಹಿತಿ ಬಳಸುವ ಮೊದಲು ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರ ಒಪ್ಪಿಗೆಯನ್ನು, ಅದನ್ನು ಕೊಟ್ಟವರು ಅವರೇ ಎಂದು ಪರಿಶೀಲಿಸಿ ಪಡೆಯಬೇಕೆಂದು ಕಾಯ್ದೆಯ 9ನೆಯ ಕಲಂ ಹೇಳುತ್ತದೆ. ನಮ್ಮ ಗದಗ, ಹಾವೇರಿ ಭಾಗದ ಎಷ್ಟೋ ಮನೆಗಳಲ್ಲಿ ತಂದೆತಾಯಿ ದುಡಿಯಲಿಕ್ಕೆ ಗೋವಾಕ್ಕೋ ಮಂಗಳೂರಿಗೋ ಹೋಗಿರುತ್ತಾರೆ, ಮಗು ಅಜ್ಜಿಯ ಹತ್ತಿರ ಇರುತ್ತದೆ, ಶಾಲೆಯಲ್ಲಿ ಬರೆಸಿದ ಫೋನ್ ಸಂಖ್ಯೆ ಪಕ್ಕದ ಮನೆಯ ಕಾಕಾನದು. ಆ ಸಂಖ್ಯೆಗೆ ಬಂದ ಒಟಿಪಿಯನ್ನು ಒಪ್ಪಿಗೆ ಎಂದು ಕರೆಯಲಾಗದು. ಅಜ್ಜಿಯ ಹೆಬ್ಬೆಟ್ಟಿನಿಂದಲೂ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಮಗುವನ್ನು ಸಾಕುತ್ತಿದ್ದಾಳೆಂಬ ಮಾತ್ರಕ್ಕೆ ಆಕೆ ಕಾನೂನಿನ ಪೋಷಕಳಾಗುವುದಿಲ್ಲ. ಆದರೆ ದೂರದ ಯಾವ ಕಂಪನಿಗೂ ಇಲ್ಲದ ಒಂದು ಅನುಕೂಲ ಹಳ್ಳಿಯ ಶಾಲೆಗಿದೆ: ಅದು ಪಾಲಕರನ್ನು ಮುಖತಃ ಬಲ್ಲದು, ಅವರ ದಾಖಲೆಗಳನ್ನು ಆಗಲೇ ನೋಡಿರುತ್ತದೆ. ಪಂಚಮಿಗೋ ಜಾತ್ರೆಗೋ ಊರಿಗೆ ಬಂದಾಗ ತಾಯಿಯನ್ನು ಕರೆದು, ಒಂದು ಹಾಳೆಯನ್ನು ಓದಿ ಹೇಳಿ, ಸಹಿ ಪಡೆಯಬಹುದು. ಅಲ್ಲಿಯವರೆಗೆ ಆ ಮಗುವಿನ ಫೋಟೊ, ವಿಡಿಯೊಗಳನ್ನು ಎಲ್ಲಿಯೂ ಹಾಕದೆ ತಡೆದರೆ ಕಲಿಕೆಗೆ ಯಾವ ನಷ್ಟವೂ ಇಲ್ಲ.

ಓದಿ ಹೇಳುವ ಆ ಹಾಳೆ ಕನ್ನಡದಲ್ಲಿರಬೇಕು. ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದಲು ಅವಕಾಶ ಇರಬೇಕೆಂದು ಕಾಯ್ದೆಯೇ ಹೇಳಿದೆ. ಹುಬ್ಬಳ್ಳಿಯ ಹಲವು ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಆರು ಪುಟದ ಇಂಗ್ಲಿಷ್ ಅರ್ಜಿಯ ಕೊನೆಯಲ್ಲಿ, ಸಣ್ಣ ಅಕ್ಷರದ ಒಂದು ಸಾಲಿನ ಕೆಳಗೆ ತಾಯಿಯ ಸಹಿ ಪಡೆಯುವ ಪದ್ಧತಿಯನ್ನು ಕಂಡಿದ್ದೇನೆ. ಅದು ಸಹಿ, ಒಪ್ಪಿಗೆಯಲ್ಲ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಪ್ರತಿ ವಿದ್ಯಾರ್ಥಿಗೆ ಕೊಡುವ ಅಪಾರ್ ಗುರುತಿನ ಸಂಖ್ಯೆಗಾಗಿ ಪಾಲಕರ ಒಪ್ಪಿಗೆ ಪತ್ರ ಪಡೆಯುವಾಗಲೂ, ಗುರಿ ಮುಟ್ಟಿಸುವ ಅವಸರದಲ್ಲಿ ಎಲ್ಲರಿಂದ ಒಂದೇ ದಿನ ಸಹಿ ಹಾಕಿಸುವ ಬದಲು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ವಿವರಿಸಿ ಪಡೆದರೆ ಅದಕ್ಕೆ ಬೆಲೆ ಬರುತ್ತದೆ.

ಕಾನೂನು ಶಾಲೆಯ ಕೈಯನ್ನು ಪೂರ್ತಿ ಕಟ್ಟಿಲ್ಲ ಎಂಬುದನ್ನೂ ಹೇಳಬೇಕು. ಮಕ್ಕಳ ನಡೆಯ ಮೇಲೆ ಡಿಜಿಟಲ್ ಕಣ್ಣಿಡುವುದನ್ನು ಕಾಯ್ದೆ ನಿಷೇಧಿಸಿದ್ದರೂ, ಕಲಿಕೆಯ ಚಟುವಟಿಕೆಗೆ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದಷ್ಟರ ಮಟ್ಟಿಗೆ ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳು ವಿನಾಯಿತಿ ಕೊಟ್ಟಿವೆ. ಶಾಲಾ ಬಸ್ಸು ಎಲ್ಲಿದೆ ಎಂದು ಜಿಪಿಎಸ್ ಮೂಲಕ ನೋಡಬಹುದು, ಹಾಜರಿ ದಾಖಲಿಸಬಹುದು. ಆದರೆ ಆ ವಿನಾಯಿತಿಯ ಬಾಗಿಲಿನಿಂದ ಜಾಹೀರಾತು ಒಳಬರುವಂತಿಲ್ಲ. ಉಚಿತವೆಂದು ಹೇಳಿ ಬರುವ ಕಲಿಕಾ ಆ್ಯಪ್‌ಗಳನ್ನು ತರಗತಿಗೆ ಸೇರಿಸುವ ಮೊದಲು, ಅದು ಮಗುವಿನ ಯಾವ ಮಾಹಿತಿಯನ್ನು ಕೇಳುತ್ತದೆ, ಎಲ್ಲಿಡುತ್ತದೆ, ಶಾಲೆ ಬಿಟ್ಟ ಮೇಲೆ ಅಳಿಸುತ್ತದೆಯೇ ಎಂದು ಲಿಖಿತವಾಗಿ ಕೇಳಬೇಕು. ಶಾಲೆಯ ಪರವಾಗಿ ಮಾಹಿತಿಯನ್ನು ನಿರ್ವಹಿಸುವ ಕಂಪನಿ ತಪ್ಪಿದರೂ ಕಾನೂನಿಗೆ ಉತ್ತರ ಹೇಳಬೇಕಾದದ್ದು ಶಾಲೆಯೇ.

ಕೋಚಿಂಗ್ ಸಂಸ್ಥೆಗಳು ತುಂಬಿರುವ ಧಾರವಾಡದ ಸಪ್ತಾಪುರದಲ್ಲಿ ಫಲಿತಾಂಶದ ಕಾಲಕ್ಕೆ ಒಮ್ಮೆ ನಡೆದುಹೋದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕಂಬಕಂಬಕ್ಕೂ ಮಕ್ಕಳ ಮುಖ, ಹೆಸರು, ಅಂಕ ಹೊತ್ತ ಫ್ಲೆಕ್ಸುಗಳು ನಿಂತಿರುತ್ತವೆ; ಅವೇ ಫೇಸ್‌ಬುಕ್ಕಿನಲ್ಲೂ ಇನ್‌ಸ್ಟಾಗ್ರಾಮಿನಲ್ಲೂ ಓಡಾಡುತ್ತವೆ. ಮಗುವಿನ ಗೆಲುವನ್ನು ಕೊಂಡಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಹದಿನಾರು ವರ್ಷದ ಹುಡುಗಿಯ ಮುಖ ಸಂಸ್ಥೆಯ ಪ್ರಚಾರಕ್ಕೆ ಬಳಕೆಯಾಗುತ್ತಿದೆ ಎಂದಮೇಲೆ, ಯಾವ ಫೋಟೊ, ಎಲ್ಲಿ, ಎಷ್ಟು ದಿನ ಎಂದು ಪಾಲಕರಿಗೆ ತಿಳಿಸಿ ಒಪ್ಪಿಗೆ ಪಡೆಯಲೇಬೇಕು. ಆ ಹುಡುಗಿಯನ್ನೂ ಒಮ್ಮೆ ಕೇಳಬೇಕು ಎಂಬುದು ನನ್ನ ಆಗ್ರಹ. ಕಾನೂನು ಅಷ್ಟು ಕೇಳದಿದ್ದರೂ ನಾನು ಕೇಳುತ್ತೇನೆ. ಸರಕಾರಿ ಶಾಲೆಯ ಗುರುಗಳು, ಅಕ್ಕೋರು ತಮ್ಮ ಸ್ವಂತ ಮೊಬೈಲಿನಲ್ಲಿ ಬಿಸಿಯೂಟದ, ಮೊಟ್ಟೆ ಹಂಚಿಕೆಯ, ಪ್ರತಿಭಾ ಕಾರಂಜಿಯ ಫೋಟೊ ತೆಗೆದು ಕಳಿಸುವುದು ದಿನದ ಕೆಲಸವಾಗಿದೆ. ವರದಿ ಹೋದ ಮೇಲೆ ಆ ಫೋಟೊಗಳನ್ನು ಫೋನಿನಿಂದ ತೆಗೆದುಹಾಕುವ, ಗುಂಪಿನಲ್ಲಿ ಮಕ್ಕಳ ಮುಖ ಹತ್ತಿರದಿಂದ ಕಾಣುವ ಚಿತ್ರ ಹಾಕದ ಶಿಸ್ತನ್ನು ಮುಖ್ಯೋಪಾಧ್ಯಾಯರೇ ತರಬೇಕು.

ಇನ್ನು ಅತ್ಯಂತ ನೋವಿನ ವಿಷಯಕ್ಕೆ ಬರುತ್ತೇನೆ. ಒಬ್ಬ ವಿದ್ಯಾರ್ಥಿನಿಯ ಅಶ್ಲೀಲ ಚಿತ್ರ, ಅದು ನಿಜವಾದದ್ದಿರಲಿ, ತಿದ್ದಿ ಮಾಡಿದ್ದಿರಲಿ, ಹುಡುಗರ ಮೊಬೈಲುಗಳಲ್ಲಿ ಹರಿದಾಡುತ್ತಿದೆ ಎಂಬ ಸುದ್ದಿ ಮುಖ್ಯೋಪಾಧ್ಯಾಯರ ಕಿವಿಗೆ ಬಿದ್ದ ಆ ಗಳಿಗೆಯಲ್ಲಿ ಶಾಲೆ ಏನು ಮಾಡಬೇಕು? ನಮ್ಮ ಊರುಗಳಲ್ಲಿ ಮೊದಲು ನಡೆಯುವುದು ಹಿರಿಯರ ಪಂಚಾಯಿತಿ. ಹುಡುಗಿಯ ಮರ್ಯಾದೆ, ಶಾಲೆಯ ಹೆಸರು ಎಂದು ಹೇಳಿ ಮುಚ್ಚಿಹಾಕುವುದು. ಕೆಲವೊಮ್ಮೆ ಹುಡುಗಿಯ ಓದನ್ನೇ ಬಿಡಿಸುವುದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಈ ಹಾದಿಯನ್ನು ಮುಚ್ಚಿದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು ಅದರ 19ನೆಯ ಕಲಂ ವಿಧಿಸುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ ಅಪರಾಧವನ್ನು ತಿಳಿಸದೆ ಬಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಇಂತಹ ಚಿತ್ರಗಳನ್ನು ಹಂಚುವವರಿಗೆ ಮೊದಲ ಬಾರಿಗೇ ಐದು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಇವುಗಳನ್ನು ಫೋನಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಗಬಹುದೆಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಆದ್ದರಿಂದ ಸಾಕ್ಷಿಗೆಂದು ಆ ಚಿತ್ರವನ್ನು ನಿಮ್ಮ ಫೋನಿಗೆ ಕಳಿಸಿಕೊಳ್ಳಬೇಡಿ, ಸಿಬ್ಬಂದಿ ಕೋಣೆಯಲ್ಲಿ ಇನ್ನೊಬ್ಬರಿಗೆ ತೋರಿಸಬೇಡಿ. ಹುಡುಗನ ಫೋನಿನಿಂದ ಅಳಿಸಲೂ ಬೇಡಿ, ಅದು ಸಾಕ್ಷ್ಯ. ಯಾರು ಹೇಳಿದರು, ಎಷ್ಟು ಗಂಟೆಗೆ ಹೇಳಿದರು ಎಂಬುದನ್ನು ಕಾಗದದ ಮೇಲೆ ಬರೆದು ಲಕೋಟೆಯಲ್ಲಿಟ್ಟು, ಹುಡುಗಿಯ ತಾಯಿಯನ್ನು ಕರೆಸಿ, ಅದೇ ದಿನ ಠಾಣೆಗೆ ತಿಳಿಸಿ. ಚಿತ್ರ ಹಂಚಿದವನೂ ವಿದ್ಯಾರ್ಥಿಯೇ ಆಗಿದ್ದರೆ ಅವನ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ ನಡೆಯುತ್ತದೆ. ಅವನನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಅವಮಾನಿಸುವ ಅಧಿಕಾರ ನಮಗಿಲ್ಲ. ಇಬ್ಬರ ಹೆಸರೂ, ಶಾಲೆಯ ಹೆಸರೂ ಪತ್ರಿಕೆಯವರಿಗೆ ಹೋಗಬಾರದು. ಮಗುವಿನ ಗುರುತು ಬಿಟ್ಟುಕೊಡುವ ಯಾವ ವಿವರವನ್ನೂ ಪ್ರಕಟಿಸಬಾರದೆಂದು ಕಾನೂನಿದೆ.

ಠಾಣೆ ಎಂದರೆ ಪಾಲಕರು ಹೆದರುವುದು ಸಹಜ. ಅವರಿಗೆ ಮುಖ್ಯೋಪಾಧ್ಯಾಯರು ಹೇಳಬೇಕಾದ ಮಾತು ಪೋಕ್ಸೊ ಕಾಯ್ದೆಯ 24ನೆಯ ಕಲಮಿನಲ್ಲಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ, ಆದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು; ಆಗ ಅವರು ಸಮವಸ್ತ್ರದಲ್ಲಿ ಇರಬಾರದು; ಮಗುವನ್ನು ರಾತ್ರಿ ಹೊತ್ತು ಠಾಣೆಯಲ್ಲಿ ಇರಿಸುವಂತಿಲ್ಲ. ನಮ್ಮ ಶಾಲೆಯ ಪಾಲಕರ ಸಭೆಯೊಂದರಲ್ಲಿ ಈ ಕಲಮನ್ನು ಓದಿ ಹೇಳಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದುನಿಂತು, "ಇನ್ನೊಮ್ಮೆ ಓದ್ರಿ ಸರ" ಎಂದರು. ನಾನು ಇನ್ನೊಮ್ಮೆ ಓದಿದೆ.

ಪ್ರತಿ ಶಾಲೆಯ ಅಡುಗೆಕೋಣೆಯ ಗೋಡೆಯ ಮೇಲೆ ವಾರದ ಬಿಸಿಯೂಟದ ಪಟ್ಟಿಯನ್ನು ಬಣ್ಣದಲ್ಲಿ ಬರೆಸಿರುತ್ತೇವೆ. ಅದರ ಪಕ್ಕದಲ್ಲಿಯೇ, ಮಕ್ಕಳ ಕಣ್ಣಿನ ಎತ್ತರಕ್ಕೆ, ಮೂರು ಸಂಖ್ಯೆಗಳನ್ನು ಈ ವಾರವೇ ಬರೆಸಿರಿ. ಮಕ್ಕಳ ಸಹಾಯವಾಣಿ 1098. ತುರ್ತು ಸಹಾಯಕ್ಕೆ 112. ಆನ್‌ಲೈನ್ ಹಣದ ವಂಚನೆಗೆ 1930. ಹಣ ಹೋದ ಮೊದಲ ಗಂಟೆಯೊಳಗೆ ಕರೆ ಮಾಡಿದರೆ ಅದನ್ನು ಮುಂದೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು. ಆ ಕೂಲಿಕಾರ ತಂದೆ ಶಾಲೆಗೆ ಬಂದದ್ದು ಮೂರು ದಿನಗಳ ಬಳಿಕ.

ನಮಸ್ಕಾರ.