ಯಮಲೋಕದ ನದಿಯಲ್ಲಿ ಸೊಂಟದವರೆಗೆ

ಈ ಕಿರುಚಾಟ ಕೇಳಿಸ್ತಾ? ಅದು ನನ್ನದೇ. ಎಡಿಟ್ ಮಾಡುವಾಗ ತೆಗೆದುಹಾಕೋಣ ಅಂದುಕೊಂಡೆ, ಆಮೇಲೆ ಇರಲಿ ಬಿಡು ಅನ್ನಿಸಿತು. ಜುಲೈ ತಿಂಗಳು, ದಡದ ಮೇಲೆ ನೆತ್ತಿ ಸುಡುವ ಬಿಸಿಲು. ನೀರು ಮಾತ್ರ ಈಗಷ್ಟೇ ಫ್ರಿಜ್‌ನಿಂದ ತೆಗೆದ ಹಾಗೆ. ಪಾದ ಇಟ್ಟ ಎರಡೇ ನಿಮಿಷಕ್ಕೆ ಬೆರಳುಗಳು ಇವೆಯೋ ಇಲ್ಲವೋ ಅಂತ ಬಗ್ಗಿ ನೋಡಬೇಕಾಯಿತು.

ಇದು ಅಕೆರಾನ್ ನದಿ. ಇಲ್ಲಿನವರು ಅಹೆರೊಂಡಾಸ್ ಅನ್ನುತ್ತಾರೆ. ಗ್ರೀಸ್‌ನ ವಾಯವ್ಯ ಮೂಲೆ, ಇಪೈರಸ್ ಸೀಮೆ. ಹಳೇ ಗ್ರೀಕರ ಲೆಕ್ಕದಲ್ಲಿ ಸತ್ತವರು ದಾಟುವ ನದಿ ಇದೇ. ನಮಗೆ ವೈತರಣಿ ಇದ್ದ ಹಾಗೆ ಅಂದುಕೊಳ್ಳಿ. ನಮ್ಮಲ್ಲಿ ಹಸುವಿನ ಬಾಲ ಹಿಡಿದು ದಾಟಬೇಕು, ಅದಕ್ಕೇ ಗೋದಾನ. ಅವರಲ್ಲಿ ಖಾರೋನ್ ಅನ್ನೋ ಅಂಬಿಗ ದೋಣಿಯಲ್ಲಿ ದಾಟಿಸುತ್ತಾನೆ. ಅವನ ಕೂಲಿಗೆ ಹೆಣದ ಬಾಯಲ್ಲಿ ಒಂದು ಓಬೊಲ್ ನಾಣ್ಯ ಇಡುತ್ತಿದ್ದರು. ನಾವು ಬಾಯಿಗೆ ಅಕ್ಕಿಕಾಳು ಹಾಕ್ತೀವಲ್ಲ, ಆ ಜಾಗದಲ್ಲಿ ಅವರದ್ದು ಚಿಲ್ಲರೆ.

ದೊಡ್ಡ ನದಿ ಅಂತ ಕಲ್ಪಿಸಿಕೊಂಡಿದ್ದರೆ ನಿರಾಸೆ ಆಗುತ್ತೆ. ಉದ್ದ ಸುಮಾರು 50 ಕಿಲೋಮೀಟರ್, ಅಷ್ಟೇ. ಬೆಟ್ಟದಲ್ಲಿ ಹುಟ್ಟಿ, ಸೂಲಿ ಬೆಟ್ಟಗಳ ನಡುವಿನ ಕಮರಿಯಲ್ಲಿ ನುಗ್ಗಿ, ಗ್ಲಿಕಿ ಅನ್ನೋ ಹಳ್ಳಿಯ ಹತ್ತಿರ ಬಯಲಿಗೆ ಬಂದು, ಅಮ್ಮೂಡಿಯಾ ಹತ್ತಿರ ಅಯೋನಿಯನ್ ಸಮುದ್ರ ಸೇರುತ್ತದೆ.

ನಾನು ಗ್ಲಿಕಿಯಿಂದ ಮೇಲಕ್ಕೆ ನಡೆಯುತ್ತಿದ್ದೇನೆ. ಇಲ್ಲಿ ದಾರಿ ಅಂದರೆ ನದಿಯೇ. ಎರಡೂ ಕಡೆ ಸುಣ್ಣಕಲ್ಲಿನ ಗೋಡೆ, ಮೇಲೆ ಆಕಾಶ ಒಂದು ಪಟ್ಟಿಯಷ್ಟು. ಬಂಡೆಯ ಬುಡ ನೋಡಿ, ಅಲ್ಲಿ ನೀರು ಸಣ್ಣಗೆ ಕುದಿಯುವ ಹಾಗೆ ಕಾಣುತ್ತಿದೆಯಲ್ಲ? ಕುದಿಯೋದಲ್ಲ, ಅದು ಒರತೆ. ಬೆಟ್ಟದ ಹೊಟ್ಟೆಯಿಂದ ನೇರವಾಗಿ ನದಿಯೊಳಗೆ ಬಂದು ಬೀಳುತ್ತದೆ. ಅದರ ಮುಂದೆ ನಿಂತರೆ ಬಲಗಾಲಿಗೆ ಒಂದು ಚಳಿ, ಎಡಗಾಲಿಗೆ ಇನ್ನೊಂದು ಚಳಿ. ನೆಲದ ಅಡಿಯಿಂದ ಇಷ್ಟು ತಣ್ಣಗಿನ ನೀರು ಬರೋದನ್ನ ನೋಡಿದವರಿಗೆ ಕೆಳಗೊಂದು ಲೋಕ ಇದೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಾ, ಇದು ನನ್ನ ಶೂ. ಹಿಂದಿನ ದಿನ ಒಂದು ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡ ರಬ್ಬರ್ ಶೂ, ನಡು ನದಿಯಲ್ಲಿ ಅಟ್ಟೆ ಕಿತ್ತುಕೊಂಡಿತು. ಆ ತೇಲಿಕೊಂಡು ಹೋಗುತ್ತಿರೋ ಕಪ್ಪು ವಸ್ತು ಅದೇ. ಯಮಲೋಕಕ್ಕೆ ನನ್ನ ಕಡೆಯಿಂದ ಮೊದಲ ಕಂತು.

ಸುತ್ತಲೂ ಸಾವಿನ ಸುಳಿವೇ ಇಲ್ಲ, ಗಮನಿಸಿ. ಗಾಳಿ ತುಂಬಿದ ದೋಣಿಗಳಲ್ಲಿ ಮಕ್ಕಳು, ಸವಾರಿಯ ಕುದುರೆಗಳು, ದಡದಲ್ಲಿ ಮರಗಳ ನೆರಳಲ್ಲಿ ಹುರಿದ ಮೀನಿನ ವಾಸನೆ. ನರಕ ಎಲ್ಲಿ ಅಂತ ನನಗೂ ಅನ್ನಿಸಿತು. ಉತ್ತರ ಸಿಕ್ಕಿದ್ದು ಕೆಳಗಿನ ಬಯಲಲ್ಲಿ, ಮೆಸೊಪೊಟಮೋಸ್ ಹಳ್ಳಿಯ ಗುಡ್ಡದ ಮೇಲೆ ನಿಂತಾಗ.

ಹೋಮರನ ಒಡಿಸ್ಸಿ ಮಹಾಕಾವ್ಯದಲ್ಲಿ ಮಾಟಗಾತಿ ಸರ್ಸೀ ನಾಯಕ ಒಡಿಸ್ಯೂಸ್‌ಗೆ ಪಾತಾಳದ ದಾರಿ ಹೇಳುತ್ತಾಳೆ. ಪೈರಿಫ್ಲೆಗೆಥಾನ್, ಕೊಕೈಟಸ್ ಅನ್ನೋ ಎರಡು ನದಿಗಳು ಅಕೆರಾನ್ ಸೇರುವ ಜಾಗ, ಅಲ್ಲೊಂದು ಬಂಡೆ, ಅಲ್ಲಿ ಗುಂಡಿ ತೋಡು ಅಂತ. ಈ ಬಯಲಲ್ಲೂ ಅಕೆರಾನ್‌ಗೆ ಉಪನದಿಗಳು ಸೇರುತ್ತವೆ, ಅದರಲ್ಲಿ ಒಂದನ್ನು ಇವತ್ತಿಗೂ ಕೊಕೈಟಸ್ ಅಂತಲೇ ಕರೆಯುತ್ತಾರೆ. ಹೋಮರ್ ಈ ಜಾಗ ನೋಡಿಯೇ ಪಾತಾಳದ ನದಿಗಳಿಗೆ ಇಲ್ಲಿನ ಹೆಸರಿಟ್ಟಿರಬೇಕು ಅಂತ ಕ್ರಿ.ಶ. 2ನೇ ಶತಮಾನದಲ್ಲೇ ಪೌಸಾನಿಯಸ್ ಅನ್ನೋ ಗ್ರೀಕ್ ಪ್ರವಾಸಿ ಬರೆದಿದ್ದ. ಅದೇ ಜಾಗದಲ್ಲಿ ಅಕೆರೂಸಿಯಾ ಅನ್ನೋ ಸರೋವರ ಇತ್ತು ಅಂತಲೂ ಹೇಳುತ್ತಾನೆ. ಅವನಿಗಿಂತ ಮುಂಚೆ ಇತಿಹಾಸಕಾರ ಥುಸಿಡಿಡೀಸ್ ಕೂಡ ಅದೇ ಸರೋವರದ ಹೆಸರು ಹೇಳಿದ್ದ.

ಈಗ ಈ ಡ್ರೋನ್ ಶಾಟ್ ನೋಡಿ. ಎಲ್ಲಿದೆ ಸರೋವರ? ಇಲ್ಲ. 20ನೇ ಶತಮಾನದಲ್ಲಿ ಕಾಲುವೆ ತೋಡಿ ನೀರು ಬಸಿದು ಹೊಲ ಮಾಡಿದರು. ಕಮರಿಯಿಂದ ಹೊರಬಂದ ನದಿ ಮೊದಲು ಒಂದು ಜೌಗಿನಲ್ಲಿ ಕಳೆದುಹೋಗುತ್ತಿತ್ತು. ಜೊಂಡು, ಮಂಜು, ಸೊಳ್ಳೆ, ದಡ ಯಾವುದು ನೀರು ಯಾವುದು ಗೊತ್ತಾಗದ ಜಾಗ. ನನ್ನ ಪ್ರಕಾರ ಗ್ರೀಕರನ್ನು ಹೆದರಿಸಿದ್ದು ಕಮರಿ ಅಲ್ಲ, ಆ ಜೌಗು. ಎಲ್ಲರೂ ಕಮರಿಯ ಫೋಟೋ ಹಾಕ್ತಾರೆ. ನರಕ ಇದ್ದ ಜಾಗದಲ್ಲಿ ಈಗ ಮುಸುಕಿನ ಜೋಳ ಇದೆ.

ನಾನು ನಿಂತಿರುವ ಗುಡ್ಡಕ್ಕೂ ಒಂದು ಕಥೆ ಇದೆ. 1958ರಲ್ಲಿ ಸೊಟಿರಿಯೋಸ್ ಡಕಾರಿಸ್ ಅನ್ನೋ ಪುರಾತತ್ವಜ್ಞ ಇಲ್ಲಿನ ಚರ್ಚಿನ ಬುಡದಲ್ಲಿ ಅಗೆಯೋಕೆ ಶುರುಮಾಡಿದರು. ದಪ್ಪ ಗೋಡೆ, ಸುತ್ತಿ ಬಳಸುವ ಓಣಿ, ನೆಲದಡಿಯಲ್ಲಿ ಕಲ್ಲಿನ ಕಮಾನುಗಳ ಕೋಣೆ ಸಿಕ್ಕಿತು. ಸತ್ತವರ ಜೊತೆ ಮಾತಾಡಿಸುವ ನೆಕ್ರೊಮ್ಯಾಂಟಿಯೋನ್ ಇದೇ ಅಂದರು. ಕಂಚಿನ ಯಂತ್ರದ ಭಾಗಗಳೂ ಸಿಕ್ಕಿದವು. ಪೂಜಾರಿಗಳು ದೆವ್ವದ ವೇಷವನ್ನು ಮೇಲಿಂದ ಇಳಿಬಿಡೋಕೆ ಇಟ್ಟುಕೊಂಡಿದ್ದ ರಾಟೆ ಅಂತ ಡಕಾರಿಸ್ ಊಹೆ. ಆಮೇಲೆ ಜರ್ಮನಿಯ ಡೀಟ್‌ವುಲ್ಫ್ ಬಾಟ್ಸ್ ಅವು ಕವಣೆಯಂತ್ರದ ಬಿಡಿಭಾಗಗಳು ಅಂತ ತೋರಿಸಿದರು. ಅಲ್ಲಿಗೆ ದೇವಸ್ಥಾನ ಹೋಗಿ ಕೋಟೆಮನೆ ಆಯಿತು. ದೆವ್ವದ ರಾಟೆಯೇ ಚೆನ್ನಾಗಿತ್ತು ಅಂತ ನನಗೆ ಒಳಗೊಳಗೇ ಬೇಜಾರು. ಕಬ್ಬಿಣದ ಮೆಟ್ಟಿಲಿಳಿದು ಕೆಳಗಿನ ಕೋಣೆಗೆ ಹೋದಾಗ ಮಾತ್ರ ನನ್ನ ದನಿ ತಾನಾಗೇ ತಗ್ಗಿತು. ರೆಕಾರ್ಡಿಂಗ್‌ನಲ್ಲಿ ಏನೂ ಕೇಳಿಸುತ್ತಿಲ್ಲ, ಕ್ಷಮಿಸಿ.

ಈ ನದಿಯ ಬಗ್ಗೆ ಹಳೇ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುವ ಕಥೆ ನನ್ನ ತಲೆಯಿಂದ ಹೋಗುತ್ತಿಲ್ಲ. ಕೊರಿಂತ್‌ನ ದೊರೆ ಪೆರಿಯಾಂಡರ್. ಹೆಂಡತಿ ಮೆಲಿಸ್ಸಾಳನ್ನು ಕೊಂದವನೇ ಅವನು. ಯಾರೋ ನಂಬಿ ಕೊಟ್ಟಿದ್ದ ಗಂಟು ಎಲ್ಲಿದೆ ಅಂತ ಅವಳನ್ನೇ ಕೇಳೋಕೆ ಅಕೆರಾನ್ ದಡಕ್ಕೆ ದೂತರನ್ನು ಕಳಿಸುತ್ತಾನೆ. ಅವಳು ಬರುತ್ತಾಳೆ, ಆದರೆ ಹೇಳೋಲ್ಲ. ಚಳಿ ಆಗುತ್ತಿದೆ, ಮೈಮೇಲೆ ಬಟ್ಟೆ ಇಲ್ಲ ಅನ್ನುತ್ತಾಳೆ. ಜೊತೆಗೆ ಹೂತ ಬಟ್ಟೆಗಳನ್ನು ಸುಟ್ಟಿರಲಿಲ್ಲವಂತೆ, ಹಾಗಾಗಿ ಅವು ಅವಳಿಗೆ ತಲುಪಿಯೇ ಇಲ್ಲ. ಪೆರಿಯಾಂಡರ್ ಊರಿನ ಹೆಂಗಸರನ್ನೆಲ್ಲ ಹೀರಾ ದೇವಿಯ ಗುಡಿಗೆ ಕರೆಸಿದ. ಹಬ್ಬ ಅಂತ ಒಳ್ಳೊಳ್ಳೆ ಬಟ್ಟೆ ಉಟ್ಟು ಬಂದವರ ಬಟ್ಟೆ ಬಿಚ್ಚಿಸಿ, ಗುಂಡಿಯಲ್ಲಿ ಸುಡಿಸಿದ. ಆಮೇಲೆ ಅವಳು ಜಾಗ ಹೇಳಿದಳು. ಬೆಳಿಗ್ಗೆ ಆ ಒರತೆಯ ಮುಂದೆ ನಿಂತಿದ್ದವನಿಗೆ ಅವಳು ಚಳಿ ಅಂದಿದ್ದು ಚೆನ್ನಾಗಿ ಅರ್ಥವಾಯಿತು.

ಕೊನೆಯ ಶಾಟ್ ಅಮ್ಮೂಡಿಯಾದ್ದು. ನದಿ ಸಮುದ್ರಕ್ಕೆ ಸೇರುವ ಜಾಗ. ಹಳಬರು ಇದಕ್ಕೆ ಸಿಹಿ ಬಂದರು ಅನ್ನುತ್ತಿದ್ದರು. ನದಿಗಳು ಸೇರಿ ಇಲ್ಲಿನ ಕೊಲ್ಲಿಯ ನೀರೇ ಸಿಹಿಯಾಗಿದೆ ಅಂತ ಭೂಗೋಳಕಾರ ಸ್ಟ್ರೇಬೋ ಸುಮಾರು 2000 ವರ್ಷದ ಹಿಂದೆ ಬರೆದಿದ್ದ. ಹರಿದ ಶೂ ಕೈಯಲ್ಲಿ ಹಿಡಿದು ಸೊಂಟದವರೆಗೆ ಇಳಿದೆ, ಒಂದು ಬೊಗಸೆ ಬಾಯಿಗೆ ಹಾಕಿಕೊಂಡೆ. ಉಪ್ಪು ಇತ್ತು. ಆದರೆ ನಮ್ಮಮ್ಮನ ಸಾರಿಗಿಂತ ಕಡಿಮೆ.